ಶಪೆಕೋ ಪಟ್ಟಣದ ಹಸುರಂಗಿಯವರು

ಬ್ರೆಜಿಲ್ ದೇಶದ ದಕ್ಷಿಣ ಭಾಗದಲ್ಲಿ ಸಾಂಟಾ ಕತರಿನಾ ಎಂಬ ರಾಜ್ಯವಿದೆ. ಅದರ ರಾಜಧಾನಿಯಾದ ಫ್ಲೊರಿಯಾನೋಪೊಲಿಸ್ ಅಟ್ಲಾಂಟಿಕ್ ಸಾಗರದ ದಡದಲ್ಲಿದೆ. ಅಲ್ಲಿಂದ ಕಡಲಿಗೆ ಬೆನ್ನು ಮಾಡಿ ಪಶ್ಚಿಮದ ಕಡೆಗೆ ಹೊರಟವನು ಘಟ್ಟವನ್ನೇರಿ, ಚಳಿಗಾಳಿ ಬೀಸುವ ಎತ್ತರದ ಬಯಲುಗಳನ್ನು ದಾಟಿ, ಸುಮಾರು ೫೫೦ ಕಿಲೋಮೀಟರು ಕ್ರಮಿಸಿದರೆ ಶಪೆಕೋ ಎಂಬ ಪಟ್ಟಣವನ್ನು ಸೇರುತ್ತಾನೆ. ದಾರಿಯುದ್ದಕ್ಕೂ ಮುಸುಕಿನ ಜೋಳದ ಹೊಲಗಳು, ಉದ್ದುದ್ದನೆಯ ಕೋಳಿಮನೆಗಳು, ಹಂದಿಯ ಕೊಟ್ಟಿಗೆಗಳು. ನಡುನಡುವೆ, ಗುಡ್ಡದ ನೆತ್ತಿಯಲ್ಲಿ ಕೊಡೆ ಬಿಚ್ಚಿ ನಿಂತಂತೆ ಒಂದೊಂದು ಅರೌಕಾರಿಯಾ ಮರ. ಹಿಂದೆ ಈ ಸೀಮೆಯನ್ನೆಲ್ಲ ಆ ಮರಗಳೇ ಮುಚ್ಚಿದ್ದವೆಂಬುದಕ್ಕೆ ಉಳಿದ ಸಾಕ್ಷಿ ಅವು.

ಊರಿನ ನಡುವೆ, ಸಂತ ಅಂತೋನಿಯ ದೊಡ್ಡ ಇಗರ್ಜಿಯ ಸಮೀಪದಲ್ಲಿ, ೧೪ ಮೀಟರು ಎತ್ತರದ ಲೋಹದ ಮನುಷ್ಯನೊಬ್ಬ ನಿಂತಿದ್ದಾನೆ. ಪಾವ್ಲೊ ದೆ ಸಿಕೇರಾ ಎಂಬ ಶಿಲ್ಪಿ ನಿರ್ಮಿಸಿದ ಈ ಪ್ರತಿಮೆ ೧೯೮೧ರಲ್ಲಿ ಸ್ಥಾಪಿತವಾಯಿತು. ಕಾಡನ್ನು ಸವರಿ ಊರು ಕಟ್ಟಿದ ಮೊದಲ ಒಕ್ಕಲುಗಳ ಸ್ಮಾರಕವದು. ಅವನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಲಾರೆಲ್ ಗಿಡದ ರೆಂಬೆ. ಕೊಡಲಿ ದುಡಿಮೆಯ ಕುರುಹು, ಲಾರೆಲ್ ವಿಜಯದ ಕುರುಹು. ಕೊಡಲಿಯ ಪರಿಚಯ ಈ ಊರಿಗೆ ಹುಟ್ಟಿದಂದಿನಿಂದಲೂ ಉಂಟು. ಲಾರೆಲ್ ಕೈಗೆ ಬಂದುದು ಬಹಳ ತಡವಾಗಿ. ಅದೂ ಯಾರೂ ಬಯಸದ ಬಗೆಯಲ್ಲಿ. ಅದನ್ನು ತಂದವರು ಹಸುರು ಅಂಗಿ ತೊಟ್ಟ ಒಂದು ಕಾಲ್ಚೆಂಡಿನ ತಂಡದವರು.

ಕಾಡು ಕಡಿದ ಜನ

ಈ ನೆಲದ ಮೂಲನಿವಾಸಿಗಳು ಕೈಂಗಾಂಗ್ ಜನ. ಶಪೆಕೋ ಎಂಬ ಹೆಸರೂ ಅವರ ನುಡಿಯಿಂದಲೇ ಬಂದುದು. 'ಹೊಲದ ದಾರಿ ಕಾಣುವ ಎಡೆ' ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದರೂ ಈ ಸೀಮೆ ಯಾರದೆಂಬುದೇ ಇತ್ಯರ್ಥವಾಗಿರಲಿಲ್ಲ. ಅರ್ಜೆಂಟೀನ ದೇಶ ಇದು ತನ್ನದೆಂದು ವಾದಿಸಿತು. ೧೮೯೫ರಲ್ಲಿ ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಮಧ್ಯಸ್ಥನಾಗಿ ಬ್ರೆಜಿಲಿನ ಪರವಾಗಿ ತೀರ್ಪಿತ್ತ. ಆಮೇಲೆ ನೆರೆಯ ಪರನಾ ರಾಜ್ಯಕ್ಕೂ ಸಾಂಟಾ ಕತರಿನಾಕ್ಕೂ ಗಡಿಯ ವ್ಯಾಜ್ಯ, ರಕ್ತಪಾತವೂ ಆಯಿತು. ೧೯೧೬ರಲ್ಲಿ ಆ ವ್ಯಾಜ್ಯ ಮುಗಿದು, ಮರುವರ್ಷ ಆಗಸ್ಟ್ ೨೫ರಂದು ಶಪೆಕೋ ಪುರಸಭೆ ಹುಟ್ಟಿತು.

ದಕ್ಷಿಣದ ರಿಯೊ ಗ್ರಾಂಡೆ ದೊ ಸೂಲ್ ರಾಜ್ಯದಿಂದ ಹೊಸ ನೆಲವನ್ನರಸಿ ಇಟಾಲಿಯನ್, ಜರ್ಮನ್, ಪೋಲಿಷ್ ಮೂಲದ ಒಕ್ಕಲುಗಳು ಇಲ್ಲಿಗೆ ವಲಸೆ ಬಂದವು. ಅವರ ಮೊದಲ ಬೆಳೆ ಮರ. ಕಡಿದ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ಉರುಗ್ವೇ ನದಿಯಲ್ಲಿ ನೆರೆ ಬರುವುದನ್ನೇ ಕಾಯುತ್ತಿದ್ದರು. ಹೊಳೆ ತುಂಬಿದೊಡನೆ ತೆಪ್ಪವನ್ನು ಬಿಚ್ಚಿ, ಅದರ ಮೇಲೆ ನಿಂತು, ಪ್ರಾಣವನ್ನು ನೀರಿನ ಕೈಗೆ ಕೊಟ್ಟು ಅರ್ಜೆಂಟೀನದ ಕಡೆಗೆ ತೇಲಿಹೋಗುತ್ತಿದ್ದರು. ಕೆಲವರು ಹಣದೊಡನೆ ಹಿಂದಿರುಗಿದರು. ಕೆಲವರು ಹಿಂದಿರುಗಲೇ ಇಲ್ಲ. ಕಾಡು ತೀರಿದ ಮೇಲೆ ಹಂದಿ, ಕೋಳಿಗಳ ಸಾಕಣೆ ಬಂತು. ೧೯೬೯ರಲ್ಲಿ ಆ ಸೀಮೆಯ ಸಹಕಾರ ಸಂಘಗಳು ಒಂದುಗೂಡಿ ಕಟ್ಟಿಕೊಂಡ ಕೇಂದ್ರ ಸಂಘವೇ ಇಂದು ಔರೊರಾ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಮಾಂಸ ಸಂಸ್ಕರಿಸುವ ಕಾರ್ಖಾನೆಗಳೇ ಈಗ ಊರಿನ ಅನ್ನದ ದಾರಿ. ೨೦೨೨ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಎರಡೂವರೆ ಲಕ್ಷವನ್ನು ದಾಟಿತ್ತು.

ದುಡಿದು ದಣಿದ ಜನ ಸಂಜೆ ಒಟ್ಟಿಗೆ ಕುಳಿತು 'ಮಾತೆ' ಎಂಬ ಎಲೆಯ ಕಹಿ ಕಷಾಯವನ್ನು ಕುಡಿಯುತ್ತಾರೆ. ಪಾತ್ರೆಯೆಂದರೆ ಒಂದೇ ಒಂದು ಸೋರೆಬುರುಡೆ. ಹೀರುವುದಕ್ಕೆ ಒಂದೇ ಲೋಹದ ಕೊಳವೆ. ಒಬ್ಬರು ಕುಡಿದು ಮುಗಿಸಿದೊಡನೆ ಬಿಸಿನೀರು ತುಂಬಿ ಇನ್ನೊಬ್ಬರ ಕೈಗೆ ದಾಟಿಸಬೇಕು. ಬುರುಡೆಯೊಂದಿಗೆ ಮಾತೂ ಸುತ್ತು ಬರುತ್ತದೆ: ಜೋಳದ ಧಾರಣೆ, ಮಳೆ, ಮತ್ತು ಭಾನುವಾರದ ಕಾಲ್ಚೆಂಡು.

ಎರಡು ಸಂಘ ಸೇರಿ ಒಂದು

ಕಾಲ್ಚೆಂಡಿನ ವಿಷಯದಲ್ಲಿ ಈ ಊರಿಗೆ ಬಹುಕಾಲ ಹೇಳಿಕೊಳ್ಳುವಂಥ ಹೆಸರಿರಲಿಲ್ಲ. ಊರಿನಲ್ಲಿದ್ದ ಅಟ್ಲೆಟಿಕೊ, ಇಂಡಿಪೆಂಡೆಂಟೆ ಎಂಬ ಎರಡು ಸಂಘಗಳೂ ಬಡಕಲಾಗಿದ್ದವು. ಕೆಲವು ಅಭಿಮಾನಿಗಳು ಸೇರಿ ಅವೆರಡನ್ನೂ ಒಂದುಗೂಡಿಸಿ ೧೯೭೩ನೆಯ ಇಸವಿ ಮೇ ೧೦ರಂದು ಹೊಸ ಸಂಘವನ್ನು ಸ್ಥಾಪಿಸಿದರು. ಅದೇ ಶಪೆಕೋಯೆನ್ಸೆ, ಎಂದರೆ ಶಪೆಕೋ ಊರಿನದು ಎಂದಷ್ಟೇ ಅರ್ಥ. ಬಣ್ಣ ಹಸುರು ಮತ್ತು ಬಿಳಿ. ಜನ ಮುದ್ದಿನಿಂದ ಅದನ್ನು 'ಶಾಪೆ' ಎಂದು ಕರೆದರು. ನಾಲ್ಕೇ ವರ್ಷಗಳಲ್ಲಿ, ೧೯೭೭ರಲ್ಲಿ, ಈ ತಂಡ ರಾಜ್ಯದ ಚಾಂಪಿಯನ್ ಪದವಿಯನ್ನು ಗೆದ್ದಿತು.

ಆಟದ ಬಯಲು ೧೯೭೬ರಲ್ಲಿ ತೆರೆಯಿತು. ಅದಕ್ಕೆ ಇಟ್ಟ ಹೆಸರು ವಿತೊರಿನೊ ಕೊಂದಾ ಎಂಬ ಹತ್ತೊಂಬತ್ತನೆಯ ಶತಮಾನದ ಕೈಂಗಾಂಗ್ ನಾಯಕನದು. ಕೊಡಲಿ ಹಿಡಿದು ಬಂದವನಿಗೆ ಚೌಕದಲ್ಲಿ ಪ್ರತಿಮೆ. ಕಾಡಿನ ಒಡೆಯನಿಗೆ ಆಟದ ಅಂಗಳ. ಊರು ತನ್ನ ಎರಡು ಋಣಗಳನ್ನೂ ಹೀಗೆ ಹಂಚಿ ತೀರಿಸಿದೆ. ಎರಡನೆಯದು ಹೆಸರಿನಿಂದ ತೀರುವ ಋಣವಲ್ಲವೆಂಬುದು ಬೇರೆ ಮಾತು. ಕೊಂದಾ ಅಂಗಳದಲ್ಲಿ ಹಿಡಿಸುವುದು ಸುಮಾರು ೨೦ ಸಾವಿರ ಮಂದಿ. ರಿಯೊ, ಸಾವೊ ಪಾವ್ಲೊ ನಗರಗಳ ಮಹಾಂಗಣಗಳ ಮುಂದೆ ಅದು ಹಿತ್ತಿಲಿನಷ್ಟು ಚಿಕ್ಕದು.

ಮುಂದಿನ ಮೂರು ದಶಕಗಳು ಏಳುಬೀಳಿನವು. ೧೯೯೬ರಲ್ಲೂ ೨೦೦೭ರಲ್ಲೂ ರಾಜ್ಯದ ಪದವಿ ಮತ್ತೆ ಬಂತು. ನಡುವೆ ಸಾಲ, ಬರಿಗೈ, ಸಂಘವೇ ಮುಚ್ಚೀತೆಂಬ ಭಯ. ರಾಜ್ಯದ ಹೊರಗೆ ಶಾಪೆಯ ಹೆಸರನ್ನು ಬಲ್ಲವರು ವಿರಳ.

ಏಣಿಯ ಮೆಟ್ಟಿಲುಗಳು

ಬ್ರೆಜಿಲಿನ ರಾಷ್ಟ್ರೀಯ ಪಂದ್ಯಾವಳಿಗೆ ನಾಲ್ಕು ದರ್ಜೆಗಳುಂಟು. ಕೆಳಗಿನ ದರ್ಜೆಯಲ್ಲಿ ಮುಂದೆ ಬಂದವರು ಮೇಲೇರುತ್ತಾರೆ. ಮೇಲಿನದರಲ್ಲಿ ಹಿಂದೆ ಬಿದ್ದವರು ಕೆಳಗಿಳಿಯುತ್ತಾರೆ. ನಾಲ್ಕನೆಯ ದರ್ಜೆಯನ್ನು ಹೊಸದಾಗಿ ಆರಂಭಿಸಿದುದು ೨೦೦೯ರಲ್ಲಿ. ಶಾಪೆ ನಿಂತದ್ದು ಆ ಕೊನೆಯ ಮೆಟ್ಟಿಲಿನ ಮೇಲೆ. ಮೊದಲ ವರ್ಷವೇ ಮೂರನೆಯ ಸ್ಥಾನ ಪಡೆದು ಮೇಲಿನ ದರ್ಜೆಗೆ ಏರಿತು. ೨೦೧೦ರಲ್ಲಿ ರಾಜ್ಯದ ಪಂದ್ಯಾವಳಿಯಲ್ಲಿ ತೀರ ಹಿಂದೆ ಬಿದ್ದು ಕೆಳಗಿಳಿಯಬೇಕಾಗಿತ್ತು. ಮತ್ತೊಂದು ಸಂಘ ತಾನೇ ಹಿಂದೆ ಸರಿದುದರಿಂದ ಉಳಿಯಿತು. ಹಾಗೆ ಉಳಿದ ತಂಡ ಮರುವರ್ಷ ರಾಜ್ಯದ ಚಾಂಪಿಯನ್ ಆಯಿತು! ೨೦೧೨ರಲ್ಲಿ ಎರಡನೆಯ ದರ್ಜೆಗೆ ಅರ್ಹತೆ, ೨೦೧೩ರಲ್ಲಿ ಅಲ್ಲಿಯೂ ಎರಡನೆಯ ಸ್ಥಾನ; ೨೦೧೪ರಲ್ಲಿ ಮೊದಲ ದರ್ಜೆಯ ಅಂಗಳದಲ್ಲಿ ದೇಶದ ಘಟಾನುಘಟಿಗಳ ಎದುರು ಹಸುರಂಗಿಗಳು ಕಾಣಿಸಿಕೊಂಡವು.

ಇದರ ಹಿಂದೆ ಮಂತ್ರಮಾಯೆಯೇನೂ ಇರಲಿಲ್ಲ. ದೊಡ್ಡ ಸಂಘಗಳು ಬೇಡವೆಂದು ಬಿಟ್ಟ ಆಟಗಾರರನ್ನು ಈ ಸಂಘ ಕರೆದು ತಂದಿತು. ಎಷ್ಟು ಆದಾಯವೋ ಅಷ್ಟೇ ಖರ್ಚು ಎಂಬ ನೇಮವನ್ನಿಟ್ಟುಕೊಂಡಿತು. ಸಂಘದ ಆಡಳಿತ ನಡೆಸಿದವರು ಊರಿನ ವ್ಯಾಪಾರಸ್ಥರು. ತಮ್ಮ ಅಂಗಡಿಯ ಲೆಕ್ಕವನ್ನು ನೋಡಿಕೊಂಡಂತೆಯೇ ಇದನ್ನೂ ನೋಡಿಕೊಂಡರು.

೨೦೧೬ರಲ್ಲಿ ಈ ತಂಡ ದಕ್ಷಿಣ ಅಮೆರಿಕ ಖಂಡದ ಸುಡಾಮೆರಿಕಾನಾ ಕಪ್ಪಿನ ಪಂದ್ಯಾವಳಿಯಲ್ಲಿ ಮುನ್ನಡೆಯತೊಡಗಿತು. ಅರ್ಜೆಂಟೀನದ ಪ್ರಖ್ಯಾತ ಇಂಡಿಪೆಂಡಿಯೆಂಟೆ ತಂಡದೊಡನೆ ಎರಡು ಪಂದ್ಯಗಳೂ ಗೋಲಿಲ್ಲದೆ ಮುಗಿದಾಗ ಪೆನಾಲ್ಟಿ ಹೊಡೆತಗಳಿಂದ ನಿರ್ಣಯವಾಗಬೇಕಾಯಿತು. ಗೋಲ್‌ಕೀಪರ್ ದಾನಿಲೊ ನಾಲ್ಕು ಹೊಡೆತಗಳನ್ನು ತಡೆದ. ಅನಂತರ ಕೊಲಂಬಿಯದ ಜೂನಿಯರ್ ತಂಡ ಸೋತಿತು. ಸೆಮಿಫೈನಲ್ಲಿನಲ್ಲಿ ಎದುರಾದದ್ದು ಬುವೆನೊಸ್ ಐರಿಸ್ ನಗರದ ಸಾನ್ ಲೊರೆನ್ಸೊ. ಅಲ್ಲಿ ಆಡಿದ ಪಂದ್ಯದಲ್ಲಿ ತಲಾ ಒಂದು ಗೋಲು. ನವೆಂಬರ್ ೨೩ರಂದು ಕೊಂದಾ ಅಂಗಳದಲ್ಲಿ ಆಟ ಗೋಲಿಲ್ಲದೆ ಸಾಗಿತ್ತು. ಹಾಗೆಯೇ ಮುಗಿದರೆ ಶಾಪೆ ಫೈನಲ್ಲಿಗೆ. ಹೆಚ್ಚುವರಿ ಕಾಲದ ಕೊನೆಯ ಗಳಿಗೆಯಲ್ಲಿ ಎದುರಾಳಿಯೊಬ್ಬ ತೀರ ಹತ್ತಿರದಿಂದ ಚೆಂಡನ್ನು ಒದ್ದ. ದಾನಿಲೊ ಬಲಗಾಲನ್ನು ಚಾಚಿ ತಡೆದ. ಅಂಗಳವೆಲ್ಲ ಒಂದೇ ಕೊರಳಾಗಿ ಕೂಗಿತು.

ಆ ಕಾಲು ಅಂದು ಚಾಚದಿದ್ದರೆ ಆ ವಿಮಾನಯಾನವೇ ಇರುತ್ತಿರಲಿಲ್ಲ. ಊರಿನ ಜನ ಈ ಯೋಚನೆಯನ್ನು ಮಾಡದೆ ಇಲ್ಲ. ಆದರೂ ದಾನಿಲೊನ ಆ ತಡೆಯನ್ನು ಅವರು ಇಂದಿಗೂ ಹೆಮ್ಮೆಯಿಂದಲೇ ನೆನೆಯುತ್ತಾರೆ.

ಬೆಟ್ಟದ ಮೇಲೆ

ಫೈನಲ್ಲಿನ ಮೊದಲ ಪಂದ್ಯ ನವೆಂಬರ್ ೩೦ರಂದು ಕೊಲಂಬಿಯದ ಮೆಡೆಲಿನ್ ನಗರದಲ್ಲಿ, ಅಟ್ಲೆಟಿಕೊ ನಾಸಿಯೊನಾಲ್ ತಂಡದ ಎದುರು ನಡೆಯಬೇಕಾಗಿತ್ತು. ತಂಡ ಬೊಲಿವಿಯದ ಸಾಂಟಾ ಕ್ರೂಸ್ ನಗರದವರೆಗೆ ಹೋಗಿ, ಅಲ್ಲಿಂದ ನವೆಂಬರ್ ೨೮ರ ಸಂಜೆ ಲಾಮಿಯಾ ಎಂಬ ಸಣ್ಣ ಕಂಪನಿಯ ಬಾಡಿಗೆಯ ವಿಮಾನವನ್ನು ಹತ್ತಿತು. ಒಳಗಿದ್ದವರು ಒಟ್ಟು ೭೭ ಮಂದಿ: ಆಟಗಾರರು, ತರಬೇತುಗಾರ ಕಾಯೊ ಜೂನಿಯರ್, ಸಂಘದ ಅಧ್ಯಕ್ಷ ಸಾಂದ್ರೊ ಪಲ್ಲಾವೊರೊ, ಊರಿನ ಗಣ್ಯರು, ೨೧ ಮಂದಿ ಪತ್ರಕರ್ತರು, ವಿಮಾನದ ಸಿಬ್ಬಂದಿ.

ವಿಮಾನದಲ್ಲಿದ್ದ ಇಂಧನ ಹೆಚ್ಚುಕಡಮೆ ಆ ದೂರಕ್ಕೆ ಮಾತ್ರ ಸಾಲುವಷ್ಟಿತ್ತು. ದಾರಿಯಲ್ಲಿ ಇಳಿದು ತುಂಬಿಸಿಕೊಳ್ಳಲಿಲ್ಲ. ಮೆಡೆಲಿನ್ ಸಮೀಪಿಸಿದಾಗ, ತೊಂದರೆಗೆ ಸಿಕ್ಕ ಮತ್ತೊಂದು ವಿಮಾನಕ್ಕೆ ಮೊದಲು ಇಳಿಯಲು ಅವಕಾಶ ಕೊಡಬೇಕಾಗಿ ಬಂದು, ಇದು ಆಕಾಶದಲ್ಲಿಯೇ ಸುತ್ತುತ್ತ ಕಾಯಿತು. ಒಂದಾದ ಮೇಲೊಂದರಂತೆ ಎಂಜಿನುಗಳು ನಿಂತವು, ದೀಪಗಳು ಆರಿದವು. ರಾತ್ರಿ ಹತ್ತು ಗಂಟೆಯ ಸುಮಾರಿಗೆ, ಇಳಿಯುವ ಜಾಗಕ್ಕೆ ೨೦ ಕಿಲೋಮೀಟರಿಗೂ ಕಡಮೆ ಇರುವಾಗ, ವಿಮಾನ ಲಾ ಉನಿಯೊನ್ ಊರಿನ ಬಳಿಯ ಸೆರೊ ಗೊರ್ದೊ ಬೆಟ್ಟಕ್ಕೆ ಅಪ್ಪಳಿಸಿತು. ಇಂಧನ ಮುಗಿದುದೇ ದುರಂತಕ್ಕೆ ಕಾರಣವೆಂದು ಕೊಲಂಬಿಯದ ತನಿಖಾಧಿಕಾರಿಗಳು ೨೦೧೮ರಲ್ಲಿ ನಿರ್ಣಯಿಸಿದರು. ಬಿರುಗಾಳಿಯಲ್ಲ, ಸಿಡಿಲಲ್ಲ, ತುಂಬಿಸಿಕೊಳ್ಳದ ಎಣ್ಣೆ. ಸತ್ತವರ ಮನೆಯವರಿಗೆ ಇದನ್ನು ನುಂಗಿಕೊಳ್ಳುವುದು ಇನ್ನೂ ಕಷ್ಟವಾಯಿತು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆಯಬೇಕಾಗಿ ಬಂತು.

೭೧ ಜನ ಮಡಿದರು. ಬದುಕಿದವರು ಆರೇ ಮಂದಿ. ೨೨ ಆಟಗಾರರಲ್ಲಿ ೧೯ ಮಂದಿ ಹೋದರು. ಅವರಲ್ಲಿ ದಾನಿಲೊನೂ ಒಬ್ಬ. ಅಲನ್ ರುಶೆಲ್, ನೆಟೊ, ಗೋಲ್‌ಕೀಪರ್ ಜಾಕ್ಸನ್ ಫೋಲ್ಮನ್, ಈ ಮೂವರು ಆಟಗಾರರು ಉಳಿದರು. ಫೋಲ್ಮನನ ಒಂದು ಕಾಲನ್ನು ಕತ್ತರಿಸಬೇಕಾಯಿತು. ಪತ್ರಕರ್ತರಲ್ಲಿ ಉಳಿದವನು ಶಪೆಕೋ ಊರಿನ ರೇಡಿಯೊ ವರದಿಗಾರ ರಫಾಯೆಲ್ ಹೆನ್ಸೆಲ್ ಒಬ್ಬನೇ.

ಮರುದಿನಗಳಲ್ಲಿ ಶಪೆಕೋ ಊರಿಗೆ ದೂರದೂರದ ವರದಿಗಾರರು ಬಂದಿಳಿದರು. ದೂರದರ್ಶನದ ಒಬ್ಬ ತರುಣ ದಾನಿಲೊನ ತಾಯಿಯನ್ನು ಕಂಡು ಮಾತನಾಡಿಸುತ್ತಿದ್ದ. ಮಗನನ್ನು ಕಳೆದುಕೊಂಡ ಆ ತಾಯಿ ನಡುವೆ ತಾನೇ ಅವನನ್ನು ಪ್ರಶ್ನಿಸಿದಳು: ನಿಮ್ಮ ಕಡೆಯವರೂ ಅಷ್ಟೊಂದು ಮಂದಿ ಹೋದರಲ್ಲ, ನಿಮಗೆ ಹೇಗಾಗುತ್ತಿದೆ ಎಂದು. ತರುಣನ ಬಾಯಿಂದ ಮಾತು ಹೊರಡಲಿಲ್ಲ. ಆಕೆ ಅವನನ್ನು ತಬ್ಬಿಕೊಂಡಳು. ಅವನು ಆ ಹೆಗಲ ಮೇಲೆ ಅತ್ತ. ಆ ದೃಶ್ಯವನ್ನು ಕಂಡ ದೇಶವೂ ಅತ್ತಿತು.

ಬಿಳಿಯ ಉಡುಪಿನ ರಾತ್ರಿ

ನವೆಂಬರ್ ೩೦ರ ಸಂಜೆ, ಪಂದ್ಯ ಆರಂಭವಾಗಬೇಕಾಗಿದ್ದ ಅದೇ ಹೊತ್ತಿಗೆ, ಮೆಡೆಲಿನ್ ನಗರದ ಅತಾನಾಸಿಯೊ ಗಿರಾರ್ದೊ ಕ್ರೀಡಾಂಗಣ ಕಿಕ್ಕಿರಿದು ತುಂಬಿತು. ಒಳಗೆ ಜಾಗ ಸಿಗದೆ ಸಾವಿರಾರು ಜನ ಹೊರಗಿನ ಬೀದಿಗಳಲ್ಲಿ ನಿಂತರು. ಎಲ್ಲರೂ ಬಿಳಿಯ ಉಡುಪು ಧರಿಸಿದ್ದರು; ಕೈಯಲ್ಲಿ ಮೇಣದ ಬತ್ತಿ, ಹೂವು. ಅವರು ಹಿಂದೆಂದೂ ಕಣ್ಣಾರೆ ಕಾಣದಿದ್ದ, ಅಂದು ತಮ್ಮ ತಂಡ ಸೋಲಿಸಬೇಕಾಗಿದ್ದ ಎದುರಾಳಿಯ ಹೆಸರನ್ನು ಹಿಡಿದು ಕೂಗಿದರು: ಶಾಪೆ, ಶಾಪೆ. ಅದೇ ಹೊತ್ತಿನಲ್ಲಿ ಶಪೆಕೋ ಊರಿನ ಜನ ತಮ್ಮ ಅಂಗಳದಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು.

ಅಟ್ಲೆಟಿಕೊ ನಾಸಿಯೊನಾಲ್ ಆ ವರ್ಷವೇ ಖಂಡದ ಅತ್ಯುನ್ನತ ಲಿಬೆರ್ತಾದೊರೆಸ್ ಕಪ್ಪನ್ನು ಗೆದ್ದಿದ್ದ ಬಲಿಷ್ಠ ತಂಡ. ಎರಡನೆಯ ಕಪ್ಪು ಕೈಗೆಟಕುವ ದೂರದಲ್ಲಿತ್ತು. ಆದರೆ ಆ ಸಂಘದವರು ಖಂಡದ ಕಾಲ್ಚೆಂಡು ಮಂಡಲಿಗೆ ಒಂದು ಬಿನ್ನಹ ಮಾಡಿದರು: ಕಪ್ಪನ್ನು ಶಪೆಕೋಯೆನ್ಸೆಗೆ ಕೊಡಿ. ಡಿಸೆಂಬರ್ ೫ರಂದು ಮಂಡಲಿ ಹಾಗೆಯೇ ಘೋಷಿಸಿತು. ಕಪ್ಪನ್ನು ಬಿಟ್ಟುಕೊಟ್ಟ ಔದಾರ್ಯಕ್ಕಾಗಿ ಕೊಲಂಬಿಯದ ತಂಡಕ್ಕೂ ವಿಶೇಷ ಪ್ರಶಸ್ತಿಯನ್ನಿತ್ತಿತು.

ಅದಕ್ಕೆ ಎರಡು ದಿನ ಮುಂಚೆ, ಡಿಸೆಂಬರ್ ೩ರಂದು, ವಾಯುಪಡೆಯ ವಿಮಾನಗಳು ಶವಪೆಟ್ಟಿಗೆಗಳನ್ನು ಊರಿಗೆ ತಂದಿದ್ದವು. ಬೆಳಗಿನಿಂದ ಮಳೆ. ಸೈನಿಕರು ಒಂದೊಂದಾಗಿ ಪೆಟ್ಟಿಗೆಗಳನ್ನು ಹೊತ್ತು, ನೀರು ನಿಂತ ಹುಲ್ಲಿನ ಮೇಲೆ ನಡೆದು, ಕೊಂದಾ ಅಂಗಳದ ಚಪ್ಪರದ ಕೆಳಗೆ ಇಳಿಸಿದರು. ಜನ ಕೊಡೆ, ಮಳೆಯಂಗಿಗಳೊಡನೆ ಗಂಟೆಗಟ್ಟಲೆ ಕುಳಿತಿದ್ದರು. ಪ್ರತಿಯೊಂದು ಪೆಟ್ಟಿಗೆ ಒಳಗೆ ಬಂದಾಗಲೂ, ಆಟಗಾರ ಅಂಗಳಕ್ಕೆ ಇಳಿದಾಗ ಮಾಡುವಂತೆಯೇ, ಚಪ್ಪಾಳೆ ತಟ್ಟಿದರು. ಡಿಸೆಂಬರ್ ೧೧ರಂದು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಆಟ ಅಲ್ಲಿಯೇ ಅಟ್ಲೆಟಿಕೊ ಮಿನೇರೊ ತಂಡದೊಡನೆ ನಡೆಯಬೇಕಾಗಿತ್ತು. ಅಂದು ಎರಡು ತಂಡಗಳೂ ಬರಲಿಲ್ಲ. ನಿಯಮದ ಪ್ರಕಾರ ಎರಡಕ್ಕೂ ಸೋಲೆಂದು ದಾಖಲೆಯಾಯಿತು. ಆ ಸೋಲನ್ನು ಯಾರೂ ಸೋಲೆಂದು ಎಣಿಸಲಿಲ್ಲ.

ಮತ್ತೆ ಮೊದಲಿನಿಂದ

ಆಟಗಾರರು ಹೋದರು, ತರಬೇತುಗಾರ ಹೋದ, ಅಧ್ಯಕ್ಷನೂ ಹೋದ. ಹಾಗಾದರೆ ಸಂಘವೆಂದು ಉಳಿದುದು ಯಾವುದು? ಒಂದು ಹೆಸರು, ಒಂದು ಬಣ್ಣ, ಒಂದು ಅಂಗಳ, ಅಲ್ಲಿಗೆ ಬರುವ ಜನ. ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ಹೊಸ ತಂಡವನ್ನು ಕಟ್ಟಬೇಕಾಗಿತ್ತು. ಮೂರು ವರ್ಷಗಳ ಕಾಲ ಶಾಪೆಯನ್ನು ಕೆಳದರ್ಜೆಗೆ ಇಳಿಸಬಾರದೆಂದು ಬ್ರೆಜಿಲಿನ ಇತರ ಸಂಘಗಳು ಸಲಹೆ ಮಾಡಿದವು. ಆ ರಿಯಾಯಿತಿ ಜಾರಿಗೆ ಬರಲಿಲ್ಲ. ಎಲ್ಲರಂತೆ ಆಡಿ ಉಳಿಯುವುದು, ಇಲ್ಲವೆ ಇಳಿಯುವುದು ಎಂದಾಯಿತು.

೨೦೧೭ರ ಜನವರಿ ೨೧ರಂದು ಪಾಲ್ಮೇರಾಸ್ ತಂಡದೊಡನೆ ಸ್ನೇಹಪಂದ್ಯ ಏರ್ಪಟ್ಟಿತು. ದುರಂತಕ್ಕೆ ಮುಂಚೆ ಹಳೆಯ ತಂಡ ಕಡೆಯದಾಗಿ ಆಡಿದುದೂ ಪಾಲ್ಮೇರಾಸಿನ ಎದುರೇ. ಬದುಕುಳಿದ ಮೂವರು ಆಟಗಾರರು ಅಂಗಳಕ್ಕೆ ಬಂದರು. ಫೋಲ್ಮನ್ ಗಾಲಿಕುರ್ಚಿಯಲ್ಲಿದ್ದ. ಮೂವರೂ ಸೇರಿ ಸುಡಾಮೆರಿಕಾನಾ ಕಪ್ಪನ್ನು ಎತ್ತಿ ಹಿಡಿದರು. ಹೆನ್ಸೆಲ್ ರೇಡಿಯೊ ಕೋಣೆಗೆ ಹಿಂದಿರುಗಿ ಆ ಪಂದ್ಯದ ವರ್ಣನೆ ಮಾಡಿದ. ಆಟ ಎರಡು ಎರಡು ಗೋಲುಗಳಿಂದ ಸಮನಾಯಿತು. ವಾಗ್ನೆರ್ ಮಾನ್ಸಿನಿಯ ಕೈಕೆಳಗೆ ಅವಸರದಲ್ಲಿ ಕಲೆಹಾಕಿದ ಆ ತಂಡವೇ ಮೇ ತಿಂಗಳಲ್ಲಿ ರಾಜ್ಯದ ಪದವಿಯನ್ನು ಗೆದ್ದಿತು. ವರ್ಷದ ಕೊನೆಗೆ ರಾಷ್ಟ್ರದ ಮೊದಲ ದರ್ಜೆಯಲ್ಲಿ ಎಂಟನೆಯ ಸ್ಥಾನ ಪಡೆಯಿತು. ಆಗಸ್ಟ್ ೭ರಂದು ಬಾರ್ಸಿಲೋನದಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ ಅಲನ್ ರುಶೆಲ್ ಮತ್ತೆ ಆಟಕ್ಕಿಳಿದ. ಅಂದು ಶಾಪೆ ಐದು ಗೋಲುಗಳಿಂದ ಸೋತಿತು. ಆದರೆ ಅಂಗಳ ಬಿಟ್ಟು ಹೊರಬಂದ ರುಶೆಲನಿಗಾಗಿ ಇಡೀ ಕ್ರೀಡಾಂಗಣ ಎದ್ದು ನಿಂತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಹರಿಕಥೆಯ ಮಂಗಳದಂತೆ ಸೊಗಸಾಗಿರುತ್ತಿತ್ತು. ಆದರೆ ಕಾಲ್ಚೆಂಡಿನ ಲೆಕ್ಕದಲ್ಲಿ ಕನಿಕರಕ್ಕೆ ಅಂಕವಿಲ್ಲ. ೨೦೧೯ರಲ್ಲಿ ತಂಡ ಮೊದಲ ದರ್ಜೆಯಿಂದ ಇಳಿಯಿತು. ಆ ವರ್ಷ ಮಾರ್ಚಿಯಲ್ಲಿ ಹೆನ್ಸೆಲ್, ಗೆಳೆಯರೊಡನೆ ಕಾಲ್ಚೆಂಡು ಆಡುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡ. ನೆಟೊ ಮತ್ತೆ ಪಂದ್ಯವಾಡಲಾಗದೆ ವರ್ಷದ ಕೊನೆಗೆ ನಿವೃತ್ತನಾದ. ೨೦೨೦ರ ಸಾಲಿನಲ್ಲಿ ತಂಡ ರುಶೆಲನ ನಾಯಕತ್ವದಲ್ಲಿ ಎರಡನೆಯ ದರ್ಜೆಯ ಚಾಂಪಿಯನ್ನಾಗಿ ಮೇಲೆದ್ದಿತು. ೨೦೨೧ರಲ್ಲಿ ೩೮ ಪಂದ್ಯಗಳಲ್ಲಿ ಒಂದನ್ನೇ ಗೆದ್ದು ಮತ್ತೆ ಕುಸಿಯಿತು. ಸಾಲದ ಹೊರೆ ಬೆಳೆದು ೨೦೨೨ರಲ್ಲಿ ನ್ಯಾಯಾಲಯದ ಆಶ್ರಯವನ್ನು ಬೇಡಬೇಕಾಯಿತು. ನಾಲ್ಕು ವರ್ಷ ಎರಡನೆಯ ದರ್ಜೆಯಲ್ಲಿ ತಡಕಾಡಿ, ೨೦೨೫ರ ಕೊನೆಯಲ್ಲಿ ಮೂರನೆಯ ಸ್ಥಾನ ಪಡೆದು, ಮೊದಲ ದರ್ಜೆಗೆ ಅದು ಮರಳಿ ಅರ್ಹತೆ ಗಳಿಸಿತು. ಈ ಸಲ ಯಾರೂ ಕೊಟ್ಟುದಲ್ಲ, ದುಡಿದು ಪಡೆದುದು.

ಊರಿಗೆ ಇವೆರಡೂ ಬೇಕು. ಎದುರಾಳಿ ಕೊಟ್ಟ ಕಪ್ಪನ್ನು ಅದು ಮುಡಿಗೆ ಏರಿಸಿಕೊಳ್ಳಲಿಲ್ಲ. ಎದೆಯ ಬಳಿ ಇಟ್ಟುಕೊಂಡಿದೆ. ತಾನು ಗೆದ್ದು ತಂದುದನ್ನು ಬೀದಿಯಲ್ಲಿ ಮೆರೆಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿನ ಚಿಕ್ಕ ಹುಡುಗನೂ ಬಲ್ಲ.

ದುರಂತದ ಅನಂತರ ಕೊಂದಾ ಅಂಗಳದಲ್ಲಿ ಒಂದು ರೂಢಿ ಹುಟ್ಟಿಕೊಂಡಿತು. ಗಡಿಯಾರ ೭೧ನೆಯ ನಿಮಿಷವನ್ನು ಮುಟ್ಟಿದೊಡನೆ, ಆಟ ಹೇಗೇ ಸಾಗುತ್ತಿರಲಿ, ಗೆಲ್ಲುತ್ತಿರಲಿ ಸೋಲುತ್ತಿರಲಿ, ಜನ ಎದ್ದು ನಿಂತು ಮೆಡೆಲಿನ್ ನಗರದವರು ಆ ರಾತ್ರಿ ಕೂಗಿದ ಹೆಸರನ್ನೇ ಕೂಗುತ್ತಾರೆ. ಕೆಳಗೆ ಹುಲ್ಲಿನ ಮೇಲೆ ಹಸುರಂಗಿಯ ಹೊಸ ಹುಡುಗರು ಓಡುತ್ತಿರುತ್ತಾರೆ. ಕೂಗು ಅಡಗುತ್ತದೆ, ೭೨ನೆಯ ನಿಮಿಷ ಬರುತ್ತದೆ. ಜನ ಮತ್ತೆ ಕುಳಿತು, ಚೆಂಡನ್ನು ತಪ್ಪಾಗಿ ಒದ್ದವನನ್ನು ಎಂದಿನಂತೆ ಬಯ್ಯತೊಡಗುತ್ತಾರೆ.